ದೊಡ್ಡಮ್ಮನ ಪ್ರಾರ್ಥನೆ, ಚಿಕ್ಕಮ್ಮನ ಬಾಯಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು, ದೊಡ್ಡ ದೊಡ್ಡ ಪದಗಳು ನನ್ನ ಹತ್ತಿರ ಇಲ್ಲ. ಇರುವ ಪದಗಳನ್ನೇ ಒರೆಸಿ ಒರೆಸಿ ಇಟ್ಟಿದ್ದೇನೆ. ಇದು ನನ್ನ ಚಿಕ್ಕಮ್ಮನ ಕಥೆ. ಅವಳ ಮನಸ್ಸಿನೊಳಗಿನದು ನನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಬಹುದು. ಅವಳೇ ಹೇಳಿದ್ದು. ಅನುಮಾನ ಬಂದ ಕಡೆ ಮತ್ತೆ ಕೇಳಿ ಬರೆದಿದ್ದೇನೆ.

ಚಿಕ್ಕಮ್ಮನ ಕೆಲಸ ಕುರ್ಚಿಗೆ ಬೆತ್ತ ಹೆಣೆಯುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಪಕ್ಕ ನೀರಿನ ತೊಟ್ಟಿ, ಅದರಲ್ಲಿ ಸುರುಳಿ ಸುತ್ತಿ ನೆನೆಹಾಕಿದ ಬೆತ್ತದ ಎಳೆಗಳು, ಗೋಡೆಗೆ ಒರಗಿಸಿಟ್ಟ ಬರಿಯ ಚೌಕಟ್ಟುಗಳು, ಹಳೇ ಬಿಸ್ಕತ್ ಡಬ್ಬಿಯ ತುಂಬ ಎಳೆ ಜಾರದ ಹಾಗೆ ತೂತಿಗೆ ಹೊಡೆಯುವ ಮರದ ಬೆಣೆಗಳು. ಕಿಟಕಿಯ ಆಚೆ ಇಸ್ತ್ರಿಯವನ ಮೇಜು. ಅವನು ಬಟ್ಟೆಗಿಂತ ಹೆಚ್ಚು ಸುದ್ದಿಗೆ ಇಸ್ತ್ರಿ ಹಾಕುತ್ತಾನೆ ಎಂದು ದೊಡ್ಡಮ್ಮ ಹೇಳುತ್ತಿದ್ದಳು.

ದೊಡ್ಡಮ್ಮ ಎಂದರೆ ಚಿಕ್ಕಮ್ಮನ ಅಕ್ಕ. ಇಬ್ಬರ ನಡುವಿನವಳು ನನ್ನ ಅಮ್ಮ. ಅವಳಿಗೆ ಬೆತ್ತವೂ ಹತ್ತಲಿಲ್ಲ, ಪ್ರಾರ್ಥನೆಯೂ ಹತ್ತಲಿಲ್ಲ. ಹೊಲಿಗೆ ಕಲಿತು ದೂರ ಹೋದಳು. ಉಳಿದ ಇಬ್ಬರು ಅಜ್ಜಿಯ ಹತ್ತಿರ ಎರಡನ್ನೂ ಕಲಿತರು.

ಬೆತ್ತವನ್ನು ಸಾಮಾನ್ಯವಾಗಿ ಒಬ್ಬರೇ ಕೂತು ಹೆಣೆಯುತ್ತಾರೆ. ಆದರೆ ಅಜ್ಜಿ ಕಲಿಸಿದ್ದು ಇಬ್ಬರ ಕೆಲಸ. ಬೆನ್ನೊರಗುವ ಚೌಕಟ್ಟನ್ನು ನಡುವೆ ನಿಲ್ಲಿಸಿ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಕೂರುತ್ತಾರೆ. ಈ ಕಡೆಯವಳು ತೂತಿನಲ್ಲಿ ಎಳೆಯನ್ನು ತೂರಿಸಿದರೆ ಆ ಕಡೆಯವಳು ಬಿಗಿಯಾಗಿ ಎಳೆದು ಪಕ್ಕದ ತೂತಿನಿಂದ ವಾಪಸ್ ಕೊಡುತ್ತಾಳೆ. ಉದ್ದದ ಎಳೆ, ಅಡ್ಡ ಎಳೆ, ಆಮೇಲೆ ಓರೆ ಎಳೆ. ಎಲ್ಲ ಎಳೆಯ ಬಿಗಿಯೂ ಒಂದೇ ಸಮ ಇರಬೇಕು. ಒದ್ದೆ ಬೆತ್ತ ಒಣಗುವಾಗ ಮುದುಡುತ್ತದೆ. ಹೆಚ್ಚು ಎಳೆದಿದ್ದರೆ ಒಂದು ದಿನ ಟಪ್ ಎಂದು ಕಡಿಯುತ್ತದೆ, ಕಡಿಮೆ ಎಳೆದಿದ್ದರೆ ಕೂತವರ ಬೆನ್ನಿಗೆ ಜೋಲುತ್ತದೆ.

ಆ ಸಮಕ್ಕೆ ಇವರ ಹತ್ತಿರ ಇದ್ದ ಅಳತೆ ಪ್ರಾರ್ಥನೆ. ಬೆಳಗಿನ ಮೊದಲ ಕೆಲಸಕ್ಕೆ ಕೂತಾಗ ದೊಡ್ಡಮ್ಮ ಒಂದೊಂದು ಸಾಲು ಹೇಳುವಳು, ಚಿಕ್ಕಮ್ಮ ದನಿ ಕೂಡಿಸುವಳು, ಸಾಲಿನ ಕೊನೆಯ ಮಾತಿಗೆ ಇಬ್ಬರೂ ಎಳೆಯುವರು.

ಕಣ್ಣು ಕೊಟ್ಟವನೇ, ಬೆಳಕು ಕೊಡು.
ಕೈ ಕೊಟ್ಟವನೇ, ಕೆಲಸ ಕೊಡು.
ನಾಲಿಗೆ ಕೊಟ್ಟವನೇ, ಕಡಿವಾಣ ಕೊಡು.

ಇಲ್ಲಿಗೆ ಬಂದಾಗ ಚಿಕ್ಕಮ್ಮ ಚೌಕಟ್ಟಿನ ಆಚೆಯಿಂದ, “ಆ ಸಾಲು ಇನ್ನೊಂದು ಸಲ ಹೇಳಕ್ಕಾ, ಅವನಿಗೆ ಕೇಳಿಸಿದ ಹಾಗಿಲ್ಲ” ಎನ್ನುವಳು. ದೊಡ್ಡಮ್ಮನ ನಾಲಿಗೆಗೆ ಬೀದಿಯೇ ಹೆದರುತ್ತಿತ್ತು. ಮುಂದಿನ ಸಾಲು, ನೆರೆಮನೆ ಕೊಟ್ಟವನೇ, ತಾಳ್ಮೆ ಕೊಡು. ಇಸ್ತ್ರಿಯವ ಕಿಟಕಿಯಿಂದ, “ನನ್ನ ಹೆಸರು ಬಂತು ನೋಡಿ!” ಎನ್ನುವನು. ಪ್ರಾರ್ಥನೆ ಉದ್ದವಾಗಿತ್ತು. ಅಜ್ಜಿಯ ಅಮ್ಮ ಕಟ್ಟಿದ್ದಂತೆ. ಎಲ್ಲಿಯೂ ಬರೆದಿರಲಿಲ್ಲ, ಈ ಇಬ್ಬರ ಬಾಯಲ್ಲಿ ಮಾತ್ರ ಇತ್ತು.

ಚಿಕ್ಕಮ್ಮನ ಗಂಡ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದ. ಒಂದು ದಿನ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದ. ಅವನು ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಚಿಕ್ಕಮ್ಮ ಮಂಚದ ಪಕ್ಕ ಕೂತು ಅದೇ ಪ್ರಾರ್ಥನೆಯನ್ನು ಹೇಳಿದಳು. ಅವನು ಉಳಿಯಲಿಲ್ಲ.

ಅವಳಿಗೆ ದೇವರ ಮೇಲೆ ಸಿಟ್ಟು ಬಂತು ಎಂದು ಬೀದಿಯವರು ಅಂದುಕೊಂಡರು. ಸಿಟ್ಟಲ್ಲ. ಮತ್ತೆ ಕೆಲಸಕ್ಕೆ ಕೂತ ಮೊದಲ ಬೆಳಿಗ್ಗೆ ಅಕ್ಕನ ಜೊತೆ ಸಾಲು ಹೇಳುತ್ತಾ ಹೋದಳು. ಹೋದವರನ್ನು ಇಟ್ಟುಕೊಂಡವನೇ ಎಂಬಲ್ಲಿಗೆ ಬಂದಾಗ ಅವಳಿಗೆ ಆ ಕಡೆ ಯಾರೂ ಇಲ್ಲ ಅನ್ನಿಸಿತು. ಫೋನ್ ಎತ್ತುವವರಿಲ್ಲದ ಮನೆಗೆ ರಿಂಗು ಹೋಗುತ್ತಾ ಇದ್ದ ಹಾಗೆ. ಬಾಯಿ ಅಲ್ಲಿಗೇ ನಿಂತುಬಿಟ್ಟಿತು.

“ಯಾಕೆ ನಿಲ್ಲಿಸಿದೆ?” ಎಂದಳು ದೊಡ್ಡಮ್ಮ.

“ನಂಬಿಕೆ ಇಲ್ಲ ಅಕ್ಕಾ. ಇದ್ದ ಹಾಗೆ ಹೇಳೋದು ಸುಳ್ಳಾಗುತ್ತೆ.”

ದೊಡ್ಡಮ್ಮ ಎಳೆಗೆ ಬೆಣೆ ಹೊಡೆದು ಎದ್ದು ಬಂದಳು. ಬೈಯುತ್ತಾಳೆ ಎಂದು ಚಿಕ್ಕಮ್ಮ ತಲೆ ತಗ್ಗಿಸಿದಳು. ದೊಡ್ಡಮ್ಮ ಬೈಯಲಿಲ್ಲ.

“ನಂಬದ ಬಾಯಲ್ಲಿ ಈ ಮಾತು ಬೇಡ. ಅಮ್ಮನ ಮಾತಿದು. ನಂಬಿಕೆ ಬರೋ ತನಕ ಇದನ್ನ ಬಾಯಿಗೆ ತರಲ್ಲ ಅಂತ ಆಣೆ ಮಾಡು.”

“ಯಾರ ಮೇಲೆ ಮಾಡ್ಲಿ? ನನಗೆ ಅವನೇ ಇಲ್ವಲ್ಲ.”

“ನಾನಿದೀನಲ್ಲ. ನನ್ನ ಮೇಲೆ ಮಾಡು.”

ಚಿಕ್ಕಮ್ಮ ಅಕ್ಕನ ಕೈ ಹಿಡಿದು ಆಣೆ ಮಾಡಿದಳು. ಅಂದಿನಿಂದ ದೊಡ್ಡಮ್ಮ ಒಬ್ಬಳೇ ಹೇಳುವಳು, ಚಿಕ್ಕಮ್ಮ ತುಟಿ ಬಿಗಿಹಿಡಿದು ಎಳೆ ಎಳೆಯುವಳು. ಹಾಗೇ ವರ್ಷಗಳು ಹೋದವು. ಇಸ್ತ್ರಿಯವ ಇದನ್ನು ನೋಡಿ, “ಬೆತ್ತದಕ್ಕಾ, ನಿಮ್ಮ ಮನೇಲಿ ಅರ್ಧ ದೇವಸ್ಥಾನ, ಅರ್ಧ ಬೀಗ” ಎಂದು ನಗುತ್ತಿದ್ದ.

ಹೋದ ವರ್ಷ ದೊಡ್ಡಮ್ಮನಿಗೆ ಲಕ್ವ ಹೊಡೆಯಿತು. ನಾನು ಶಾಲೆ ಬಿಟ್ಟು ಇವರ ಮನೆಗೆ ಬಂದಿದ್ದು ಅದೇ ಸಮಯದಲ್ಲಿ. ಬಲಗೈ ಸೋತಿತು, ಮಾತು ಹೋಯಿತು. ಉಳಿದದ್ದು ಒಂದೇ ಮಾತು, “ಬೇಡ.” ಟೀ ಕೊಡ್ಲಾ ಎಂದರೆ ಬೇಡ ಎನ್ನುತ್ತಾ ಎಡಗೈ ಚಾಚಿ ಲೋಟ ಇಸಿದುಕೊಳ್ಳುವಳು. ಅವಳ ಬಾಯನ್ನು ಬಿಟ್ಟು ಕೈಯನ್ನು ನೋಡಬೇಕು ಎಂದು ಚಿಕ್ಕಮ್ಮ ಬೇಗ ಕಲಿತಳು. ಕೈ ಸುಳ್ಳು ಹೇಳುತ್ತಿರಲಿಲ್ಲ.

ಚಿಕ್ಕಮ್ಮ ಒಬ್ಬಳೇ ಕೆಲಸಕ್ಕೆ ಕೂತಳು. ಸ್ವಲ್ಪ ದಿನದಲ್ಲೇ ಹಲ್ಲಿನ ಡಾಕ್ಟರ ಕಾಂಪೌಂಡರ್ ಒಂದು ಕುರ್ಚಿಯನ್ನು ವಾಪಸ್ ಹೊತ್ತು ತಂದ.

“ಅಕ್ಕಾ, ಹಲ್ಲು ನೋವು ಅಂತ ಬಂದವರಿಗೆ ಈಗ ಬೆನ್ನು ನೋವೂ ಶುರುವಾಗಿದೆ. ನೀವೇ ಕೂತು ನೋಡಿ.”

ಚಿಕ್ಕಮ್ಮ ಕೂರಲಿಲ್ಲ, ಬೆರಳಾಡಿಸಿ ನೋಡಿದಳು. ಎಡಗಡೆ ಜೋಲುತ್ತಿತ್ತು, ಬಲಗಡೆ ತಂತಿಯ ಹಾಗೆ ಬಿಗಿದಿತ್ತು, ಮೂಲೆಯಲ್ಲಿ ಒಂದು ಎಳೆ ಕಡಿದೇ ಹೋಗಿತ್ತು. ಅವಳ ಕೈಯಲ್ಲಿ ಇಂಥ ಕೆಲಸ ಯಾವತ್ತೂ ಬಂದಿರಲಿಲ್ಲ. ಬಿಚ್ಚಿ ಮತ್ತೆ ಹೆಣೆದಳು. ಮತ್ತೆ ಹಾಗೇ ಬಂತು. ರೇಡಿಯೋ ಹಾಕಿಕೊಂಡು ಹಾಡಿನ ತಾಳಕ್ಕೆ ಎಳೆದಳು. ಪಲ್ಲವಿ ಬಂದಾಗಲೆಲ್ಲ ಕೈಗೆ ಹುರುಪು ಹತ್ತಿ ಬಿಗಿ ಜಾಸ್ತಿಯಾಯಿತು. ಮಗ್ಗಿ ಹೇಳಿಕೊಂಡು ಎಳೆದಳು. ಹದಿಮೂರರ ಮಗ್ಗಿಯಲ್ಲಿ ತಡವರಿಸಿದ ಕಡೆಯಲ್ಲೇ ಹೆಣಿಗೆಯಲ್ಲಿ ಗುಳಿ ಬಿತ್ತು.

“ಈ ಕುರ್ಚೀನ ಪರೀಕ್ಷೆಗೆ ಕೂರಿಸಿದ್ರೆ ಫೇಲು” ಎಂದ ಇಸ್ತ್ರಿಯವ.

ಆಗ ಅವಳಿಗೆ ಹೊಳೆಯಿತು. ನಂಬಲ್ಲ ನಂಬಲ್ಲ ಎನ್ನುತ್ತಾ ಇಷ್ಟು ವರ್ಷವೂ ಅವಳ ಕೈ ಅಕ್ಕನ ಪ್ರಾರ್ಥನೆಯನ್ನು ಹಿಡಿದುಕೊಂಡೇ ನಡೆದಿತ್ತು. ಈಗ ಕೈ ಅನಾಥವಾಗಿತ್ತು. ಮನಸ್ಸಿನಲ್ಲೇ ಹೇಳಿಕೋ, ಆಣೆ ಇರುವುದು ಬಾಯಿಗೆ ತಾನೇ ಎಂದು ಒಳಗೊಬ್ಬ ವಕೀಲ ವಾದಕ್ಕೆ ನಿಂತ. ಅವಳು ಅವನನ್ನು ಕೂರಿಸಿದಳು. ದೇವರಿಲ್ಲ ಎಂದವಳಿಗೆ ಕೊಟ್ಟ ಮಾತೂ ಇಲ್ಲದೆ ಹೋದರೆ ಉಳಿಯುವುದೇನು?

ಅವಳು ರೇಡಿಯೋ ಆರಿಸಿದಳು, ಮಗ್ಗಿ ಬಿಟ್ಟಳು. ಉಸಿರು ತೆಗೆದುಕೊಂಡಾಗ ಎಳೆ ತೂರಿಸಿದಳು, ಉಸಿರು ಬಿಟ್ಟಾಗ ಎಳೆದಳು. ಮನಸ್ಸು ಎಲ್ಲೋ ಓಡಿದರೆ ಎಳೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ. ಎಷ್ಟೋ ಸಲ ಓಡಿತು, ಅಷ್ಟೂ ಸಲ ಬಿಚ್ಚಿದಳು. ಒಂದು ಬೆಳಿಗ್ಗೆ ಹೆಣಿಗೆ ಸಮವಾಗಿ ಬಂತು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಹೊತ್ತು ತನ್ನೊಳಗೆ ಗಲಾಟೆಯೇ ಇರಲಿಲ್ಲ ಎಂಬುದು ಅವಳ ಗಮನಕ್ಕೆ ಬಂತು. ಗಂಡ ಹೋದ ಮೇಲೆ ಅಂಥ ನಿಶ್ಶಬ್ದ ಅವಳಿಗೆ ಸಿಕ್ಕಿರಲಿಲ್ಲ. ಅದಕ್ಕೆ ಏನು ಹೆಸರು ಎಂದು ನಾನು ಕೇಳಿದೆ. “ಹೆಸರಿಟ್ಟರೆ ಓಡಿಹೋಗುತ್ತೆ, ಸುಮ್ನಿರು” ಎಂದಳು.

ಅಕ್ಕನ ಕಥೆ ಮಾತ್ರ ಹಾಗೇ ಇತ್ತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರ್ ಒಬ್ಬಳಿದ್ದಳು, ಚಿಕ್ಕ ವಯಸ್ಸಿನವಳು. ಚಿತ್ರ ತೋರಿಸಿ ಇದೇನು ಎಂದರೆ ದೊಡ್ಡಮ್ಮ, “ಬೇಡ.” ಒಂದು ಎರಡು ಹೇಳಿ ಎಂದರೆ ಗೋಡೆ ಕಡೆ ಮುಖ. ಕೊನೆಗೆ ಟೀಚರ್ ಚಿಕ್ಕಮ್ಮನನ್ನು ಹೊರಗೆ ಕರೆದಳು.

“ಆಂಟೀ, ಇವರಿಗೆ ಚಿಕ್ಕಂದಿನಿಂದ ಬಾಯಿಪಾಠ ಇರೋದು ಏನಾದ್ರೂ ಇದೆಯಾ? ಹಾಡು, ಪದ್ಯ? ಹೊಸ ಮಾತು ಬರದೆ ಇದ್ರೂ ಅಂಥದ್ದು ಕೆಲವು ಸಲ ಮೊದಲು ಬರುತ್ತೆ. ಯಾರಾದ್ರೂ ಎದುರಿಗೆ ಕೂತು ಜೊತೆಗೆ ಹೇಳ್ಬೇಕು, ದಿನಾ. ತಡ ಮಾಡಬೇಡಿ. ತಡ ಆದಷ್ಟೂ ಕಷ್ಟ.”

“ಒಂದು ಪ್ರಾರ್ಥನೆ ಇದೆ.”

“ತುಂಬಾ ಒಳ್ಳೇದು! ಮನೇಲಿ ಯಾರಿಗೆ ಬರುತ್ತೆ?”

“ನನಗೆ” ಎಂದಳು ಚಿಕ್ಕಮ್ಮ. ಮನೆಗೆ ಬಂದ ಮೇಲೆ ಆಣೆಯ ವಿಷಯವನ್ನು ನನಗೆ ಹೇಳಿದಳು.

ನಾನೇ ಕಲಿತು ಹೇಳುತ್ತೇನೆ ಎಂದೆ. ಕಲಿಸುವುದಕ್ಕೂ ಬಾಯಿ ಬಿಡಬೇಕಲ್ಲ ಎಂದಳು. ಬರೆದುಕೊಡು ಎಂದೆ. “ಅದೂ ನನ್ನ ಬಾಯೇ. ಪೆನ್ನಿನ ವೇಷ ಹಾಕ್ಕೊಂಡು ಬಂದಿರುತ್ತೆ ಅಷ್ಟೇ.” ಆಣೆ ಹಾಕಿಸಿದವಳು ಅಕ್ಕ, ಬಿಡಿಸುವುದಾದರೆ ಅವಳೇ ಬಿಡಿಸಬೇಕು. ಚಿಕ್ಕಮ್ಮ ದೊಡ್ಡಮ್ಮನ ಮಂಚದ ಮುಂದೆ ನೆಲದ ಮೇಲೆ ಕೂತಳು.

“ಅಕ್ಕಾ, ನಿನ್ನ ಮಾತು ವಾಪಸ್ ಬರಬೇಕು. ಅದಕ್ಕೆ ಅಮ್ಮನ ಪ್ರಾರ್ಥನೇನ ನಾನು ನಿನ್ನ ಜೊತೆ ಹೇಳ್ಬೇಕಂತೆ. ನನಗೆ ನಂಬಿಕೆ ಬಂದಿಲ್ಲ. ಬಂದಿದೆ ಅಂತ ನಿನ್ನ ಹತ್ರ ಸುಳ್ಳು ಹೇಳಲ್ಲ. ಹೇಳ್ಲಾ?”

ದೊಡ್ಡಮ್ಮ ಅವಳನ್ನು ತುಂಬ ಹೊತ್ತು ನೋಡಿದಳು. “ಬೇಡ” ಎಂದಳು. ಚಿಕ್ಕಮ್ಮ ಕೈಯನ್ನು ನೋಡಿದಳು. ಎಡಗೈ ಮೇಲೆದ್ದು ಬಂದು ಅವಳ ಬಾಯಿಯ ಮೇಲೆ ಒತ್ತಿ ಕೂತಿತು.

ನಂಬಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಇಸ್ತ್ರಿಯವನೂ ಅದನ್ನೇ ಹೇಳಿದ. “ಒಂದು ಸುಳ್ಳು ತಾನೇ ಬೆತ್ತದಕ್ಕಾ? ಮಾತು ಬಂದ ಮೇಲೆ ಬೈಸ್ಕೊಂಡ್ರಾಯ್ತು.”

“ಅವಳು ಲೋಕದಲ್ಲಿ ಕಣ್ಣುಮುಚ್ಚಿ ನಂಬೋದು ಇಬ್ಬರನ್ನ. ಅದರಲ್ಲಿ ಒಬ್ಬಳು ನಾನು” ಎಂದಳು ಚಿಕ್ಕಮ್ಮ.

ಮರುದಿನ ಬೆಳಿಗ್ಗೆ ಅವಳು ಒಂದು ಬರಿಯ ಚೌಕಟ್ಟನ್ನು ಕೋಣೆಯ ನಡುವೆ ನಿಲ್ಲಿಸಿದಳು. ಅಕ್ಕನನ್ನು ತೋಳು ಕೊಟ್ಟು ಎಬ್ಬಿಸಿ ತಂದು ಅವಳ ಹಳೇ ಜಾಗದಲ್ಲಿ ಕೂರಿಸಿದಳು.

“ಪ್ರಾರ್ಥನೆ ಕೇಳಲ್ಲ, ಮಾತೂ ಕೇಳಲ್ಲ. ಎಡಗೈ ಇದೆ ತಾನೇ? ಎಳಿ.”

ದೊಡ್ಡಮ್ಮ ಎಳೆಯನ್ನು ಕಿತ್ತು ಬಿಸಾಡಿದಳು. “ಬೇಡ!” ಚಿಕ್ಕಮ್ಮ ಎದ್ದು ಹೋಗಿ ಹೆಕ್ಕಿ ತಂದು ಮತ್ತೆ ತೂರಿಸಿದಳು. ಮತ್ತೆ ಬಿಸಾಡಿದಳು, ಮತ್ತೆ ತೂರಿಸಿದಳು. ಒದ್ದೆ ಎಳೆ ಕಿಟಕಿಯಿಂದ ಹಾರಿ ಇಸ್ತ್ರಿ ಮಾಡಿಟ್ಟ ಷರಟಿನ ಮೇಲೆ ಬಿತ್ತು. “ಇದನ್ನ ಯಾರ ಲೆಕ್ಕಕ್ಕೆ ಹಾಕ್ಲಿ?” ಎಂದು ಅವನು ಕೂಗಿದಾಗ ದೊಡ್ಡಮ್ಮನಿಗೆ ನಗು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಗು ನಿಂತ ಮೇಲೆ ಎಳೆಯನ್ನು ಹಿಡಿದು ಎಳೆದಳು.

ಆ ಎಳೆತ ಚೆನ್ನಾಗಿರಲಿಲ್ಲ. ಅಕ್ಕ ಮಲಗಿದ ಮೇಲೆ ಗುಟ್ಟಾಗಿ ಬಿಚ್ಚಿ ಸರಿ ಮಾಡಿಡಬಹುದಿತ್ತು, ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಚಿಕ್ಕಮ್ಮ ಮಾಡಲಿಲ್ಲ. “ಅಕ್ಕಾ, ಇದು ಸಡಿಲ” ಎಂದು ಅವಳ ಮುಂದೆಯೇ ಬಿಚ್ಚಿ ಮತ್ತೆ ಅವಳ ಕೈಗೇ ಕೊಡುವಳು. ದೊಡ್ಡಮ್ಮ ಕೆಂಗಣ್ಣು ಬಿಡುವಳು. ಬೇಸಿಗೆ ಕಳೆಯಿತು, ಮಳೆಗಾಲ ಬಂತು. ಗಿರಾಕಿಗಳ ಕುರ್ಚಿಗಳನ್ನೆಲ್ಲ ಚಿಕ್ಕಮ್ಮ ಮಧ್ಯಾಹ್ನ ಒಬ್ಬಳೇ ಹೆಣೆಯುವಳು. ಬೆಳಿಗ್ಗೆ ಮಾತ್ರ ಇದೊಂದೇ ಚೌಕಟ್ಟು. “ಈ ಕುರ್ಚಿ ಮೇಲೆ ಕೂರೋವಷ್ಟರಲ್ಲಿ ನಾನು ಮುದುಕ ಆಗ್ತೀನಿ” ಎಂದ ಇಸ್ತ್ರಿಯವ. “ಈಗೇನು ಹುಡುಗನಾ?” ಎಂದಳು ಚಿಕ್ಕಮ್ಮ.

ಆಗ ಅವಳಿಗೆ ಧೈರ್ಯ ಇತ್ತಾ ಎಂದು ನಾನು ಕೇಳಿದ್ದೇನೆ. ಇರಲಿಲ್ಲವಂತೆ. ಟೀಚರ್ ಹೇಳಿದ “ತಡ” ಎಂಬ ಮಾತು ದಿನವೂ ಎದೆಗೆ ಚುಚ್ಚುತ್ತಿತ್ತಂತೆ. ತನ್ನ ನಿಯತ್ತಿನ ಹಠಕ್ಕೆ ಅಕ್ಕನ ಮಾತು ಬಲಿಯಾಗುತ್ತದೇನೋ ಎಂದು ಅನ್ನಿಸುತ್ತಿತ್ತಂತೆ. ಆದರೂ ಬೆಳಗಾದರೆ ಎದ್ದು ಬೆತ್ತವನ್ನು ನೆನೆಹಾಕುವಳು. ಹೆಣೆದು ಮುಗಿಯುವ ತನಕ ಬಿಡುವುದಿಲ್ಲ, ಮುಗಿದರೆ ಇನ್ನೊಂದು ಚೌಕಟ್ಟು ತರುತ್ತೇನೆ ಎಂದು ನಿರ್ಧಾರ ಮಾಡಿದ್ದಳು.

ಉದ್ದದ ಎಳೆ ಮುಗಿದು ಅಡ್ಡ ಎಳೆ ಅರ್ಧಕ್ಕೆ ಬಂದಿತ್ತು. ಒಂದು ಬೆಳಿಗ್ಗೆ ಎಳೆಯನ್ನು ಜಗ್ಗುವಾಗ ದೊಡ್ಡಮ್ಮನ ಗಂಟಲಿನಿಂದ ಏನೋ ಬಂತು. ಚಿಕ್ಕಮ್ಮ ಕೆಮ್ಮು ಅಂದುಕೊಂಡಳು. ಮುಂದಿನ ಎಳೆತಕ್ಕೆ ಮತ್ತೆ ಬಂತು. ಹೆಣಿಗೆಯ ಸಂದಿನಿಂದ ನೋಡಿದರೆ ಅಕ್ಕನ ತುಟಿ ಸೊಟ್ಟಗೆ ಆಡುತ್ತಿತ್ತು.

“ಕ... ಕಣ್ಣು... ಕೊಡು.”

ಚಿಕ್ಕಮ್ಮ ಮುಂದಿನ ಎಳೆ ತೂರಿಸಿದಳು. ಶಾಭಾಸ್ ಎನ್ನಲಿಲ್ಲ, ಅಳಲಿಲ್ಲ. ಸಮವಾಗಿ ತೂರಿಸುವುದೊಂದೇ ಆಗ ತನ್ನಿಂದ ಆಗುವ ಸಹಾಯ ಎಂದು ಅವಳಿಗೆ ಗೊತ್ತಿತ್ತು. ದಿನಕ್ಕೊಂದಿಷ್ಟು ಮಾತು ಕೂಡುತ್ತಾ ಬಂತು. “ಕೈ” ಬಂತು, “ಕೆಲಸ” ಬಂತು. ತಾಳ್ಮೆ ಎಂಬ ಮಾತು ಬಂದ ದಿನ ಇಸ್ತ್ರಿಯವ ಹೊರಗಡೆ ಇಸ್ತ್ರಿಯನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡ. ಹೊಗೆ ಎಂದ.

ಓರೆ ಎಳೆ ಶುರುವಾದ ದಿನ ದೊಡ್ಡಮ್ಮ ಆ ಸಾಲಿಗೆ ಬಂದಳು.

“ಹೋದ... ಹೋದವರನ್ನು... ಇಟ್ಟು... ಇಟ್ಟುಕೊಂಡವನೇ...”

ಮುಂದೆ ಬರಲಿಲ್ಲ. ಎಳೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಮತ್ತೆ ಮೊದಲಿನಿಂದ ಹೇಳಿಕೊಂಡು ಬಂದಳು. ಮತ್ತೆ ಅಲ್ಲೇ ನಿಂತಳು. ಬಾಯಿ ತೆರೆದರೆ “ಬೇಡ” ಬಂತು. ತಲೆ ಕೊಡವಿಕೊಂಡಳು. “ಬೇಡ, ಬೇಡ!” ಹಣೆಯಲ್ಲಿ ಬೆವರು. ಎಳೆ ನಡುಗುತ್ತಿತ್ತು, ಈ ಕಡೆ ಚಿಕ್ಕಮ್ಮನ ಬೆರಳಿಗೂ ಆ ನಡುಕ ಬರುತ್ತಿತ್ತು. ಮುಂದಿನ ಮಾತು ಚಿಕ್ಕಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಹಲ್ಲು ಕಚ್ಚಿ ಕೂತಳು.

ದೊಡ್ಡಮ್ಮ ಎಳೆಯನ್ನು ಬಿಟ್ಟಳು. ಎಡಗೈಯನ್ನು ಚೌಕಟ್ಟಿನ ಪಕ್ಕದಿಂದ ಈಚೆಗೆ ಚಾಚಿದಳು. ಬೆರಳುಗಳು ತಂಗಿಯ ಕೆನ್ನೆಯನ್ನು ಹುಡುಕಿ, ತುಟಿಯನ್ನು ಹುಡುಕಿ, ಅದರ ಮೇಲೆ ಮೆಲ್ಲಗೆ ತಟ್ಟಿದವು. ಕರೆದ ಹಾಗೆ.

“ಅಕ್ಕಾ, ನಾನು ನಂಬಲ್ಲ. ಇವತ್ತಿಗೂ ಇಲ್ಲ. ಗೊತ್ತಲ್ಲ?”

ದೊಡ್ಡಮ್ಮ ತಲೆಯಾಡಿಸಿದಳು. ಗೊತ್ತು ಎಂಬ ಹಾಗೆ.

“ಆದರೂ ಹೇಳ್ಲಾ?”

ಬೆರಳು ಮತ್ತೆ ತಟ್ಟಿತು, ಈ ಸಲ ಜೋರಾಗಿ. ಎಷ್ಟು ಸಲ ಕೇಳ್ತೀಯೇ ಎಂದು ಬೈದ ಹಾಗೇ ಇತ್ತಂತೆ.

“ಇರುವವರನ್ನು ಇರಗೊಡು” ಎಂದಳು ಚಿಕ್ಕಮ್ಮ.

“ಇರುವ... ಇರುವವರನ್ನು... ಇರಗೊಡು” ಎಂದಳು ದೊಡ್ಡಮ್ಮ. ಇಬ್ಬರೂ ಒಟ್ಟಿಗೆ ಎಳೆದರು.

ಆ ಮಾತನ್ನು ಯಾರಿಗೆ ಹೇಳಿದೆ ಎಂಬುದು ಚಿಕ್ಕಮ್ಮನಿಗೆ ಈಗಲೂ ಗೊತ್ತಿಲ್ಲ. ಆ ಕಡೆ ಯಾರೋ ಫೋನ್ ಎತ್ತಿದರು ಎಂದು ಅವಳಿಗೆ ಅನ್ನಿಸಲಿಲ್ಲ. ಆದರೆ ಹೇಳಿದ್ದು ಸುಳ್ಳಾಗಿರಲಿಲ್ಲ. ಅಕ್ಕ ಇರಬೇಕು ಎಂದು ಅವಳು ಮೈಯೆಲ್ಲ ಬಾಯಾಗಿ ಕೇಳಿದ್ದಳು. ನಂಬಿಕೆ ಇಲ್ಲದೆಯೂ ನಿಜವಾಗಿ ಕೇಳಬಹುದು ಎಂದು ಅವಳು ಆ ದಿನ ತಿಳಿದಳು. ದೊಡ್ಡಮ್ಮ ಏನು ತಿಳಿದಳೋ ನಾನು ಹೇಳಲಾರೆ. ಆಣೆಯ ಸುದ್ದಿಯನ್ನು ಮತ್ತೆ ಯಾರೂ ಎತ್ತಿಲ್ಲ.

ಈಗ ದಿನವೂ ಇಬ್ಬರೂ ಹೇಳುತ್ತಾರೆ. ದೊಡ್ಡಮ್ಮ ದೇವರಿಗೆ ಹೇಳುತ್ತಾಳೆ, ಚಿಕ್ಕಮ್ಮ ದೊಡ್ಡಮ್ಮನಿಗೆ ಹೇಳುತ್ತಾಳೆ. ಪ್ರಾರ್ಥನೆ ಮುಗಿದ ಮೇಲೆ ಚಿಕ್ಕಮ್ಮ ಸ್ವಲ್ಪ ಹೊತ್ತು ತನ್ನ ಉಸಿರಿನ ಲೆಕ್ಕದಲ್ಲಿ ಹೆಣೆಯುತ್ತಾಳೆ. ಆಗ ದೊಡ್ಡಮ್ಮ ಅವಳ ಉಸಿರಿಗೆ ಕಾದು ಎಳೆಯುತ್ತಾಳೆ. ಒಂದು ದಿನ ಇಸ್ತ್ರಿಯವ ಕಿಟಕಿಯಲ್ಲಿ ಇಣುಕಿ, “ಏನು ಬೆತ್ತದಕ್ಕಾ, ಕೊನೆಗೂ ದೇವರ ಪಾರ್ಟಿಗೆ ಸೇರಿದ್ರಾ?” ಎಂದ.

“ಇಲ್ಲಪ್ಪ. ಅಕ್ಕನ ಪಾರ್ಟಿ.”

ದೊಡ್ಡಮ್ಮ ಆ ಕಡೆಯಿಂದ ಎಳೆಯನ್ನು ಬೆರಳಿನಿಂದ ಮೀಟಿ ನೋಡಿ, “ಸಡಿಲ” ಎಂದಳು. “ಬೇಡ” ಒಂದನ್ನು ಬಿಟ್ಟರೆ, ಪ್ರಾರ್ಥನೆಯಲ್ಲಿ ಇಲ್ಲದ ಮಾತೊಂದು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಚಿಕ್ಕಮ್ಮ ಆ ಎಳೆಯನ್ನು ಬಿಚ್ಚಿ ಮತ್ತೆ ಬಿಗಿದಳು.

ಇಷ್ಟೇ ಕಥೆ. ನಾಳೆ ಬೆಳಿಗ್ಗೆ ಅವರ ಕೆಲಸ ಮುಗಿದ ಮೇಲೆ ಇದನ್ನು ಇಬ್ಬರ ಮುಂದೆ ಗಟ್ಟಿಯಾಗಿ ಓದುತ್ತೇನೆ. ಶಾಲೆ ಬಿಟ್ಟ ಮೇಲೆ ಯಾರ ಮುಂದೆಯೂ ಓದಿಲ್ಲ, ಧ್ವನಿ ನಡುಗಬಹುದು. ಆದರೂ ಓದುತ್ತೇನೆ. ಅವರು ತಪ್ಪು ಎಂದ ಕಡೆ ಹೊಡೆದು ಹಾಕಿ ಮತ್ತೆ ಬರೆಯುತ್ತೇನೆ.